ಸೀಲು ಹಾಕುವವನಿಗೆ ಸೀಲು ಹಾಕುವವರು ಯಾರು?

ಅಂಗಡಿಯಲ್ಲಿ ಸಕ್ಕರೆ ತೂಗಿಸುವ ಗಿರಾಕಿ ಎರಡು ಕಡೆ ನೋಡುತ್ತಾನೆ. ಒಮ್ಮೆ ಕಾಟಾದ ಅಂಕಿ, ಇನ್ನೊಮ್ಮೆ ಅಂಗಡಿಕಾರರ ಮುಖ. ಅನುಮಾನ ಬಂದರೆ "ಏನ್ರೀ ಸಾವ್ಕಾರ್ರ, ಕಾಟಾ ಸರಿ ಐತೇನ್ರಿ?" ಎಂದು ಕೇಳಿಯೂ ಬಿಡುತ್ತಾನೆ. "ಸೀಲ್ ನೋಡ್ರಿ, ಇಲಾಖೆಯವ್ರು ಹಾಕ್ಯಾರ" ಎಂದು ಅಂಗಡಿಕಾರರು ಕಾಟಾ ತಿರುಗಿಸಿ ತೋರಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ವರ್ಷಕ್ಕೊಮ್ಮೆ ಫೀ ಕಟ್ಟಿ, ಸಾಹೇಬರಿಗಾಗಿ ಕಾದು ಎಲೆಕ್ಟ್ರಾನಿಕ್ ಕಾಟಾಕ್ಕೆ ಮುದ್ರೆ ಒತ್ತಿಸಿಕೊಳ್ಳುವ ಕಿರಿಕಿರಿ ನಮ್ಮ ಪೇಟೆಯ ವ್ಯಾಪಾರಸ್ಥರಿಗೆ ಹೊಸದಲ್ಲ. ಬೈದುಕೊಂಡೇ ಒತ್ತಿಸುತ್ತಾರೆ. ಯಾಕೆಂದರೆ ಆ ಮುದ್ರೆ ಗಿರಾಕಿಯನ್ನಷ್ಟೇ ಅಲ್ಲ, ಪ್ರಾಮಾಣಿಕ ಅಂಗಡಿಕಾರನನ್ನೂ ಕಾಯುತ್ತದೆ.

ಕಾಲು ಕಿಲೋ ಸಕ್ಕರೆಗೆ ಇಷ್ಟು ಕಾಯ್ದೆ. ಹಾಗಾದರೆ ಒಂದೇ ರಾತ್ರಿಯಲ್ಲಿ ಮನುಷ್ಯನ ತಿಂಗಳ ಸಂಬಳ ನುಂಗುವ ಕ್ಯಾಸಿನೊ ಮಿಷನ್ನಿಗೆ ಯಾವ ಸೀಲು? ಹಾಕುವವರು ಯಾರು? ಹಾಕಿದವರ ಮೇಲೆ ಕಣ್ಣಿಡುವವರು ಯಾರು? ಇವತ್ತಿನ ಮಾತು ಇದು.

"ಕ್ಯಾಸಿನೊ ನಮ್ಮೂರಾಗ ಎಲ್ಲೈತ್ರೀ, ನಮಗ್ಯಾಕ ಆ ಉಸಾಬರಿ?" ಎನ್ನುವವರಿದ್ದೀರಿ. ನಿಜ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜೂಜಿನ ಅಡ್ಡೆ ನಡೆಸುವುದೇ ಅಪರಾಧ. ಆದರೆ ಘಟ್ಟ ಇಳಿದರೆ ಗೋವಾ. ಅಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಮಿಷನ್ ಜೂಜಿಗೆ ದಾರಿ ಮಾಡಿದರು. 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಕ್ಕೂ ಒಪ್ಪಿದರು. ಆಮೇಲೆ 2020ರ ಫೆಬ್ರವರಿಯಿಂದ ಗೋವಾದವರೇ ಕ್ಯಾಸಿನೊದಲ್ಲಿ ಆಡಬಾರದು ಎಂದು ಅಲ್ಲಿನ ಸರ್ಕಾರ ನಿರ್ಬಂಧ ಹಾಕಿತು. ಲೆಕ್ಕ ಸ್ಪಷ್ಟವಾಯಿತಲ್ಲ? ಮನೆ ಮಕ್ಕಳಿಗೆ ಬೇಡವಾದ ಅಡುಗೆ ಬಂದ ನೆಂಟರ ಎಲೆಗೆ. ಆ ನೆಂಟರಲ್ಲಿ ಬೆಳಗಾವಿಯವರಿದ್ದಾರೆ, ಹುಬ್ಬಳ್ಳಿಯವರಿದ್ದಾರೆ, ಬೆಂಗಳೂರಿನವರಿದ್ದಾರೆ. ಈಗ ಹೇಳಿ, ಇದು ನಮ್ಮ ವಿಷಯವೋ ಅಲ್ಲವೋ?

ಮಿಷನ್ನಿನ ಹೊಟ್ಟೆಯೊಳಗೆ

ಈ ಸಂಗತಿ ಅರ್ಥವಾಗಬೇಕಾದರೆ ಮೊದಲು ಮಿಷನ್ನಿನ ಹೊಟ್ಟೆ ನೋಡಬೇಕು. 1890ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ಕು ಮೂರು ಗಾಲಿಯ 'ಲಿಬರ್ಟಿ ಬೆಲ್' ಎಂಬ ಮಿಷನ್ನು ಮಾಡಿದ. ಒಳಗೆ ಸ್ಪ್ರಿಂಗು, ಹಲ್ಲುಚಕ್ರ, ಸನ್ನೆಕೋಲು. ಮೋಸವಿದ್ದರೆ ಬಿಚ್ಚಿ ನೋಡಿದವನ ಕಣ್ಣಿಗೆ ಕಾಣುತ್ತಿತ್ತು.

ಈಗಿನದು ಹಾಗಲ್ಲ. ನೀವು ಗುಂಡಿ ಒತ್ತಿದ ಕ್ಷಣಕ್ಕೇ ಒಳಗಿನ ಕಂಪ್ಯೂಟರು ಒಂದಿಷ್ಟು ಅಂಕಿ ಆರಿಸಿ ಮುಗಿಸಿರುತ್ತದೆ. ಸೋಲೋ ಗೆಲುವೋ ಆಗಲೇ ತೀರ್ಮಾನ. ಆಮೇಲೆ ಗಾಲಿ ತಿರುಗುವುದು, ದೀಪ ಮಿನುಗುವುದು, ಗಂಟೆ ಬಾರಿಸುವುದು ಎಲ್ಲ ಬರೀ ಬಯಲಾಟದ ಕುಣಿತ.

1984ರಲ್ಲಿ ಇಂಗೆ ಟೆಲ್ನೇಸ್ ಎಂಬಾತ ಒಂದು ಪೇಟೆಂಟ್ ಪಡೆದ. ಅದರ ಗುಟ್ಟು ಇಷ್ಟು. ಕಣ್ಣಿಗೆ ಕಾಣುವ ಗಾಲಿಯಲ್ಲಿ 22 ಜಾಗ ಇದೆ ಎನ್ನಿ. ಮೂರು ಗಾಲಿಗೆ ಲೆಕ್ಕ ಹಾಕಿದರೆ ದೊಡ್ಡ ಬಹುಮಾನದ ಚಿತ್ರ ಸಾಲಾಗಿ ಬೀಳುವುದು 10,648ಕ್ಕೆ ಒಮ್ಮೆ. ಆದರೆ ಕಂಪ್ಯೂಟರು ತನ್ನ ತಲೆಯೊಳಗೆ ಒಂದೊಂದು ಗಾಲಿಗೂ 64 ಜಾಗ ಇಟ್ಟುಕೊಂಡು ಆಡಿಸಬಹುದು. ಆಗ ಅದೇ ಬಹುಮಾನ 2,62,144ಕ್ಕೆ ಒಮ್ಮೆ. ಗಾಲಿ ಅದೇ, ಚಿತ್ರ ಅದೇ, ಬಣ್ಣ ಅದೇ. ಬದಲಾದದ್ದು ಒಳಗೆ ಕೂತ ಪ್ರೋಗ್ರಾಮು ಮಾತ್ರ. ಇದು ಕಳ್ಳತನವಲ್ಲ, ಕಾನೂನುಬದ್ಧ. ಆದರೆ ಕಣ್ಣಿನಿಂದ ನೋಡಿ ಮಿಷನ್ನಿನ ನ್ಯಾಯ ಅಳೆಯುವ ಕಾಲ ಅಲ್ಲಿಗೇ ಮುಗಿಯಿತು.

ಇನ್ನೊಂದು ಲೆಕ್ಕ. ಅಮೆರಿಕದ ನೆವಾಡಾ ರಾಜ್ಯದ ನಿಯಮದಲ್ಲಿ ಮಿಷನ್ನು ಹಾಕಿದ ಹಣದಲ್ಲಿ ನೂರಕ್ಕೆ ಕನಿಷ್ಠ 75 ಭಾಗವನ್ನು ಆಟಗಾರರಿಗೆ ತಿರುಗಿ ಕೊಡುವಂತೆ ಪ್ರೋಗ್ರಾಮು ಇರಬೇಕು. ನ್ಯೂಜೆರ್ಸಿಯಲ್ಲಿ ಇದು 83. ಒಂದೇ ಆಟವನ್ನು ಕಂಪನಿಗಳು ನೂರಕ್ಕೆ ಇಷ್ಟು, ಅಷ್ಟು ಎಂದು ಬೇರೆಬೇರೆ ಪ್ರಮಾಣದಲ್ಲಿ ಮಾಡಿ ಮಾರುತ್ತವೆ. ನೀವು ಹತ್ತು ರೂಪಾಯಿಯಂತೆ ನಿಮಿಷಕ್ಕೆ ಹತ್ತು ಸಲ ಒತ್ತಿದರೆ ಗಂಟೆಗೆ 6,000 ರೂಪಾಯಿ ಆಡಿದಂತಾಯಿತು. ಪ್ರೋಗ್ರಾಮು 92ರದ್ದಾದರೆ ಸರಾಸರಿ ನಷ್ಟ 480 ರೂಪಾಯಿ. 75ರದ್ದಾದರೆ 1,500. ಪಕ್ಕಪಕ್ಕದಲ್ಲಿ ನಿಂತ ಎರಡು ಮಿಷನ್ನು ಅವಳಿ ಮಕ್ಕಳಂತೆ ಕಾಣುತ್ತವೆ. ಗಂಟೆಗೆ ಸಾವಿರ ರೂಪಾಯಿ ವ್ಯತ್ಯಾಸ ಎಲ್ಲಿದೆ? ಒಂದು ಚಿಪ್ಪಿನಲ್ಲಿ. ಅದು ನಿಮಗೂ ಕಾಣದು, ನನಗೂ ಕಾಣದು.

ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ "5 ಲೀಟರ್ ಅಳತೆ ಪಾತ್ರೆ ತನ್ರೀ, ಅಳೆದು ತೋರ್ಸ್ರಿ" ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ. ಜೂಜಿನ ಮಿಷನ್ನಿಗೆ ಅಂಥ ಪಾತ್ರೆ ಇಲ್ಲ. ಸಾವಿರಾರು ಸಲ ಆಡಿದರೂ ಸೋತದ್ದು ಮೋಸದಿಂದಲೋ ಹಣೆಬರಹದಿಂದಲೋ ಎಂದು ಆಟಗಾರ ಹೇಳಲಾರ. ಹಾಗಾಗಿ ಅವನ ಪರವಾಗಿ ನೋಡುವ ಕಚೇರಿ ಒಂದೇ ಗತಿ.

ಹೆಬ್ಬೆಟ್ಟಿನ ಗುರುತು

ನೆವಾಡಾ 1931ರಲ್ಲೇ ಜೂಜನ್ನು ಕಾನೂನುಬದ್ಧ ಮಾಡಿತು. 1955ರಲ್ಲಿ ಅದರ ಮೇಲೆ ಕಣ್ಣಿಡಲು ಗೇಮಿಂಗ್ ಕಂಟ್ರೋಲ್ ಬೋರ್ಡ್ ಎಂಬ ಮಂಡಳಿ ಬಂತು. ಮಿಷನ್ ತಪಾಸಣೆ ಯಾಕೆ ಬೇಕು ಎಂಬುದಕ್ಕೆ ಅಲ್ಲಿಯದೇ ಒಂದು ಪ್ರಕರಣ ನೋಡಿ. 1989ರಲ್ಲಿ ಅಮೆರಿಕನ್ ಕಾಯಿನ್ ಎಂಬ ಮಿಷನ್ ಕಂಪನಿ ಸಿಕ್ಕಿಬಿತ್ತು. ಅದರ ವಿಡಿಯೋ ಪೋಕರ್ ಮಿಷನ್ನುಗಳಲ್ಲಿ ಅತಿ ದೊಡ್ಡ ಬಹುಮಾನದ ಎಲೆಗಳು ಕೂಡಿ ಬರದಂತೆ ಪ್ರೋಗ್ರಾಮು ತಿರುಚಲಾಗಿತ್ತು. ಬೋರ್ಡಿನ ಮೇಲೆ ಬಹುಮಾನದ ಮೊತ್ತ ಮಿನುಗುತ್ತಿತ್ತು, ಚಿಪ್ಪಿನೊಳಗೆ ಅದರ ಬಾಗಿಲಿಗೆ ಬೀಗ. ಕಂಪನಿ ಪರವಾನಗಿ ಕಳೆದುಕೊಂಡಿತು. ಆ ಪ್ರೋಗ್ರಾಮು ಬರೆದ ಲ್ಯಾರಿ ವೋಲ್ಕ್ ಎಂಬಾತನನ್ನು 1990ರಲ್ಲಿ ಯಾರೋ ಗುಂಡಿಕ್ಕಿ ಕೊಂದರು. ಇದು ಹುಡುಗಾಟದ ವ್ಯಾಪಾರ ಅಲ್ಲ ಎನ್ನಲು ಇಷ್ಟು ಸಾಕು.

ಹಾಗಾದರೆ ತಪಾಸಣೆ ಹೇಗೆ? ಕಂಪನಿ ಹೊಸ ಆಟ ಮಾಡಿದರೆ ಅದರ ಪ್ರೋಗ್ರಾಮನ್ನು ಮೊದಲು ಪ್ರಯೋಗಾಲಯಕ್ಕೆ ಕೊಡಬೇಕು. ಅಲ್ಲಿನವರು ಓದುತ್ತಾರೆ, ಲೆಕ್ಕ ತಾಳೆ ನೋಡುತ್ತಾರೆ, ಆಡಿಸಿ ನೋಡುತ್ತಾರೆ. ಸರಿಯಿದ್ದರೆ ಮಂಜೂರಾತಿ. ಮಂಜೂರಾದ ಪ್ರೋಗ್ರಾಮಿನದೊಂದು ಹೆಬ್ಬೆಟ್ಟಿನ ಗುರುತು ತೆಗೆದಿಡುತ್ತಾರೆ. ಇದು ಮನುಷ್ಯನ ಹೆಬ್ಬೆಟ್ಟಲ್ಲ, ಲೆಕ್ಕದ ಹೆಬ್ಬೆಟ್ಟು. ಪ್ರೋಗ್ರಾಮಿನ ಲಕ್ಷಾಂತರ ಅಕ್ಷರಗಳನ್ನು ಒಂದು ಸೂತ್ರಕ್ಕೆ ಹಾಕಿ ಹಿಂಡಿದರೆ ಕೊನೆಗೆ ಒಂದು ಚಿಕ್ಕ ಸಾಲು ಉಳಿಯುತ್ತದೆ. ಬಹುಕಾಲ ಬಳಕೆಯಲ್ಲಿರುವ ಎಸ್‌ಎಚ್‌ಎ-1 ಎಂಬ ಸೂತ್ರದಲ್ಲಿ ಅದು 40 ಅಂಕಿ-ಅಕ್ಷರಗಳ ಸಾಲು. ಪ್ರೋಗ್ರಾಮಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆ ಆಗುತ್ತದೆ.

ಆಮೇಲೆ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಕ್ಯಾಸಿನೊಕ್ಕೆ ಹೋಗುತ್ತಾನೆ. ಮಿಷನ್ನಿನ ಬಾಗಿಲು ತೆಗೆಸುತ್ತಾನೆ. ಒಳಗೆ ಬೀಗ ಹಾಕಿದ ಇನ್ನೊಂದು ಪೆಟ್ಟಿಗೆ, ಅದರೊಳಗೆ ಕಂಪ್ಯೂಟರು. ಚಿಪ್ಪಿನ ಮೇಲಿನ ಸೀಲು ಒಡೆದಿದೆಯೇ ನೋಡುತ್ತಾನೆ. ಚಿಪ್ಪನ್ನು ಓದುವ ಉಪಕರಣಕ್ಕೆ ಸಿಕ್ಕಿಸಿ ಹೆಬ್ಬೆಟ್ಟಿನ ಸಾಲು ತೆಗೆಯುತ್ತಾನೆ. ಕಚೇರಿಯ ಪಟ್ಟಿಯ ಜೊತೆ ತಾಳೆಯಾದರೆ ಹೊಸ ಸೀಲು. ಆಗದಿದ್ದರೆ ಮಿಷನ್ನು ಬಂದ್. ದೊಡ್ಡ ಬಹುಮಾನ ಬಿದ್ದಾಗಲೂ ದುಡ್ಡು ಕೊಡುವ ಮೊದಲು ಒಳಗಿನ ಪ್ರೋಗ್ರಾಮು ನೋಡುವ ಪದ್ಧತಿ ಇದೆ.

ಕೇಳಲು ಭಾರೀ ಬಂದೋಬಸ್ತು. ಕಾಗದದ ಮೇಲೆ ತೂತು ಕಾಣುವುದಿಲ್ಲ. ತೂತು ಇದ್ದದ್ದು ಬೇರೆ ಕಡೆ.

ಬೇಲಿ ಎದ್ದಾಗ

ನೆವಾಡಾ ಮಂಡಳಿಯಲ್ಲೇ ರೊನಾಲ್ಡ್ ಡೇಲ್ ಹ್ಯಾರಿಸ್ ಎಂಬ ಕಂಪ್ಯೂಟರ್ ನೌಕರನಿದ್ದ. ಮಿಷನ್ನಿನ ಪ್ರೋಗ್ರಾಮಿನಲ್ಲಿ ಮೋಸ ಹುಡುಕುವುದೇ ಅವನ ಕೆಲಸ. ಸರ್ಕಾರದ ಸಂಬಳ, ಸರ್ಕಾರದ ಕೀಲಿಕೈ. 1990ರ ದಶಕದ ಆರಂಭದಲ್ಲಿ ಈ ಪುಣ್ಯಾತ್ಮ ಮಾಡಿದ್ದೇನು ಗೊತ್ತೇ? ಮಿಷನ್ನಿಗೆ ಕೈ ಹಾಕಲಿಲ್ಲ. ಮಿಷನ್ನನ್ನು ತಪಾಸಣೆ ಮಾಡುವ ಉಪಕರಣದ ಚಿಪ್ಪಿನೊಳಗೇ ತನ್ನ ಪ್ರೋಗ್ರಾಮು ಸೇರಿಸಿಟ್ಟ. ಪಾಪ, ಬೇರೆ ಇನ್ಸ್‌ಪೆಕ್ಟರುಗಳು ನಿಷ್ಠೆಯಿಂದ ಕ್ಯಾಸಿನೊಗಳಿಗೆ ಹೋಗಿ ಆ ಉಪಕರಣ ಸಿಕ್ಕಿಸಿದಾಗಲೆಲ್ಲ ಹ್ಯಾರಿಸನ ಗುಟ್ಟು ಮಿಷನ್ನಿನೊಳಗೆ ಇಳಿಯಿತು. ಮುಂದೆ ಇಂಥ ಕ್ರಮದಲ್ಲಿ ಇಷ್ಟಿಷ್ಟು ನಾಣ್ಯ ಹಾಕಿದರೆ ಮಿಷನ್ನು ದುಡ್ಡು ಕಕ್ಕಬೇಕು, ಅಷ್ಟೇ. ಕ್ರಮ ಗೊತ್ತಿದ್ದದ್ದು ಹ್ಯಾರಿಸನಿಗೂ ಅವನ ಜೊತೆಗಾರರಿಗೂ.

ನೋಡಿ ಸ್ವಾರಸ್ಯ! ತಪಾಸಣೆ ಹೆಚ್ಚು ಮಾಡಿದಷ್ಟೂ ಕಳ್ಳತನ ಹೆಚ್ಚು. ರೋಗಿಗೆ ರೋಗ ಅಂಟಿಸಿದ್ದು ವೈದ್ಯನ ಸೂಜಿಯೇ. ಬೇಲಿಯೇ ಎದ್ದು ಹೊಲ ಮೇಯ್ದರೆ ರೈತ ಯಾರಿಗೆ ದೂರು ಕೊಡಬೇಕು?

ಸಿಕ್ಕಿಬಿದ್ದದ್ದು ಬೇರೆ ದುರಾಸೆಯಿಂದ. ಕೀನೋ ಎಂಬ ಅಂಕಿ ಆರಿಸುವ ಆಟವಿದೆ. ಅದರ ಕಂಪ್ಯೂಟರು ಮುಂದೆ ಯಾವ ಅಂಕಿ ಹೇಳುತ್ತದೆ ಎಂದು ಕಂಡುಹಿಡಿಯುವ ಪ್ರೋಗ್ರಾಮನ್ನೂ ಹ್ಯಾರಿಸ್ ಬರೆದ. 1995ರ ಜನವರಿಯಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಬ್ಯಾಲೀಸ್ ಪಾರ್ಕ್ ಪ್ಲೇಸ್ ಕ್ಯಾಸಿನೊದಲ್ಲಿ ಅವನ ಜೊತೆಗಾರ ಕೂತು 1,00,000 ಡಾಲರ್ ಗೆದ್ದ. ಲಕ್ಷ ಡಾಲರ್ ಗೆದ್ದವನು ಕುಣಿಯಬೇಕೋ ಬೇಡವೋ? ಈತನ ಮುಖದಲ್ಲಿ ಒಂದು ನಗೆಯೂ ಇಲ್ಲ! ಕ್ಯಾಸಿನೊದವರಿಗೆ ಅನುಮಾನ ಬಂತು, ಪೊಲೀಸರು ಬಂದರು, ಎಳೆ ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಮಂಡಳಿಯ ಸ್ವಂತ ನೌಕರ. 1998ರಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಎರಡೇ ವರ್ಷಕ್ಕೆ ಹೊರಗೆ ಬಂದ.

ಒಬ್ಬನ ಕಥೆ ಇದು, ಬಿಡಿ ಎನ್ನೋಣವೆಂದರೆ ಇನ್ನೊಂದಿದೆ. ಅದು ಕ್ಯಾಸಿನೊ ಅಲ್ಲ, ಲಾಟರಿ. ಅಮೆರಿಕದ ಹಲವು ರಾಜ್ಯಗಳ ಲಾಟರಿ ಸಂಘದ ಭದ್ರತಾ ಮುಖ್ಯಸ್ಥ ಎಡ್ಡಿ ಟಿಪ್ಟನ್. ಅಂಕಿ ಆರಿಸುವ ಕಂಪ್ಯೂಟರಿನ ಪ್ರೋಗ್ರಾಮು ಬರೆದವನೂ ಅವನೇ. ವರ್ಷದಲ್ಲಿ ಮೂರು ದಿನ ಮಾತ್ರ ಅಂಕಿಗಳು ತನಗೆ ಊಹಿಸಲು ಸಿಗುವಂತೆ ಕೆಲವು ಸಾಲು ಸೇರಿಸಿಟ್ಟ. ಉಳಿದ ದಿನ ಯಾರು ಎಷ್ಟು ಪರೀಕ್ಷೆ ಮಾಡಿದರೂ ಎಲ್ಲ ಸರಿ! 2010ರ ಡಿಸೆಂಬರ್ 29ರ ಡ್ರಾದಲ್ಲಿ 1.65 ಕೋಟಿ ಡಾಲರ್ ಬಹುಮಾನ ಬಿತ್ತು. ಟಿಕೆಟ್ಟು ಕೊಂಡವನು ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ. ಕ್ಯಾಮೆರಾ ಇದ್ದದ್ದು ಒಂದು ಸಾದಾ ಅಂಗಡಿಯಲ್ಲಿ ಎಂಬುದನ್ನು ಅಂಗಡಿಕಾರ ಮಿತ್ರರು ಗಮನಿಸಬೇಕು. 2017ರಲ್ಲಿ ತಪ್ಪು ಒಪ್ಪಿಕೊಂಡ ಟಿಪ್ಟನ್ನನಿಗೆ 25 ವರ್ಷದವರೆಗಿನ ಶಿಕ್ಷೆ ಆಯಿತು.

ಸೀಲು ನೆಟ್ಟಗಿದ್ದು ಒಳಗಿನ ಮಾಲೇ ಕೆಟ್ಟಿದ್ದರೆ? ಅದೂ ಆಗಿದೆ. 2014ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನ ಒಂದು ಕ್ಯಾಸಿನೊದಲ್ಲಿ ರಷ್ಯಾದ ತಂಡವೊಂದು ಮಿಷನ್ನಿಗೆ ಕೈಯನ್ನೇ ಹಚ್ಚದೆ ಗೆಲ್ಲುತ್ತಿದ್ದದ್ದು ಗೊತ್ತಾಯಿತು. ಹಳೆಯ ಮಾದರಿಯ ಮಿಷನ್ನುಗಳ ಅಂಕಿ ಹುಟ್ಟಿಸುವ ಲೆಕ್ಕವನ್ನು ಅವರ ಕಡೆಯವರು ಬಿಡಿಸಿಟ್ಟಿದ್ದರು. ಗುಂಡಿ ಯಾವಾಗ ಒತ್ತಬೇಕೆಂದು ಜೇಬಿನ ಫೋನು ಹೇಳುತ್ತಿತ್ತು. ಅಲ್ಲಿ ಪ್ರೋಗ್ರಾಮನ್ನು ಯಾರೂ ಬದಲಿಸಿರಲಿಲ್ಲ. ಆದರೆ ಹೆಬ್ಬೆಟ್ಟು ಹೇಳುವುದು "ಇವನೇ ಆ ಮನುಷ್ಯ" ಎಂದಷ್ಟೆ. "ಇವನು ಒಳ್ಳೆಯವನು" ಎಂದು ಅದು ಹೇಳುವುದಿಲ್ಲ.

ಹಾಗಂತ ತಪಾಸಣೆ ದಂಡವೇ?

ಅಲ್ಲ, ಖಂಡಿತ ಅಲ್ಲ. 2022ರ ಜನವರಿಯಲ್ಲಿ ಅದೇ ನೆವಾಡಾದ ಲಾಸ್ ವೇಗಾಸ್‌ನಲ್ಲಿ ನಡೆದದ್ದು ಕೇಳಿ. ಟ್ರೆಷರ್ ಐಲ್ಯಾಂಡ್ ಕ್ಯಾಸಿನೊದಲ್ಲಿ ಒಬ್ಬ ಪ್ರವಾಸಿ ಆಡಿ ಎದ್ದು ಹೋದ. ಅವನಿಗೆ 2,29,368 ಡಾಲರ್ ಬಿದ್ದಿತ್ತು. ಮಿಷನ್ನಿನ ಸಂಪರ್ಕ ಕೆಟ್ಟಿದ್ದರಿಂದ ಅದು ಅವನಿಗೂ ಗೊತ್ತಾಗಲಿಲ್ಲ, ಕ್ಯಾಸಿನೊದವರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಮನುಷ್ಯ ಊರು ಬಿಟ್ಟಿದ್ದ. ಮಂಡಳಿಯವರು ಕೈಕಟ್ಟಿ ಕೂರಲಿಲ್ಲ. ಹಲವು ಕ್ಯಾಸಿನೊಗಳ ಕ್ಯಾಮೆರಾ ನೋಡಿದರು, ಬಾಡಿಗೆ ಕಾರಿನ ದಾಖಲೆ ತೆಗೆಸಿದರು, ವಾರಗಟ್ಟಲೆ ಹುಡುಕಿ ಅರಿಜೋನಾ ರಾಜ್ಯದಲ್ಲಿದ್ದ ಅವನನ್ನು ಹಿಡಿದು "ತಗೋಪ್ಪಾ ನಿನ್ನ ದುಡ್ಡು" ಎಂದರು. ಹ್ಯಾರಿಸನನ್ನು ಸಾಕಿದ್ದೂ ಅದೇ ಮಂಡಳಿ, ಈ ಪ್ರವಾಸಿಯನ್ನು ಹುಡುಕಿದ್ದೂ ಅದೇ ಮಂಡಳಿ. ಕಚೇರಿ ಒಂದೇ, ಒಳಗೆ ಕೂತವರು, ಅವರ ಮೇಲಿನ ಕಣ್ಣು ಬೇರೆ.

ಅಲ್ಲಿ ಇನ್ನೊಂದು ನಿಯಮವಿದೆ. ಆಟಗಾರನ ಜೊತೆ 500 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ತಕರಾರಾಗಿ ಬಗೆಹರಿಯದಿದ್ದರೆ ಕ್ಯಾಸಿನೊದವರೇ ತಕ್ಷಣ ಮಂಡಳಿಗೆ ತಿಳಿಸಬೇಕು. ಮಿಷನ್ನಿನ ಮೇಲೆ "ಯಂತ್ರ ಕೆಟ್ಟರೆ ಆಟವೂ ರದ್ದು, ಬಹುಮಾನವೂ ರದ್ದು" ಎಂಬ ಬರಹ ಇರುವುದು ವಾಡಿಕೆ. ಕೆಟ್ಟಿದೆ ಎಂದು ಹೇಳುವವನೂ ಕ್ಯಾಸಿನೊದವನೇ ಆದರೆ ಬಡಪಾಯಿಯ ಗತಿ ಏನು? ಅದಕ್ಕೇ ಮೂರನೆಯವನು ಬೇಕು.

"ಇದೆಲ್ಲ ಅಮೆರಿಕದ ಬುದ್ಧಿವಂತರ ಆಟ, ನಮ್ಮಲ್ಲಿ ಚಿಪ್ಪಿನ ಕಳ್ಳತನ ಎಲ್ಲಿದೆ?" ಎನ್ನಬೇಡಿ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವಿಶೇಷ ಪೊಲೀಸ್ ಪಡೆ ಲಖನೌದ ಪೆಟ್ರೋಲ್ ಬಂಕುಗಳ ಮೇಲೆ ದಾಳಿ ಮಾಡಿತು. ಪಂಪಿನೊಳಗೆ ಒಂದು ಚಿಪ್ಪು, ಹೊರಗೆ ಒಂದು ರಿಮೋಟು. ಮೀಟರಿನಲ್ಲಿ ಪೂರ್ತಿ ಅಂಕಿ, ಟ್ಯಾಂಕಿಗೆ ಕಡಿಮೆ ಪೆಟ್ರೋಲು. ಅಳತೆ ಇಲಾಖೆ ಇತ್ತು, ಸೀಲಿನ ಪದ್ಧತಿಯೂ ಇತ್ತು. ಆದರೂ ಹೀಗಾಯಿತು. ಹಾಗಾಗಿ ಚಿಪ್ಪಿನ ಕಳ್ಳತನಕ್ಕೆ ವೀಸಾ ಬೇಕಿಲ್ಲ.

ಕೇಳಬೇಕಾದ್ದು ಏನು?

ಮೊಬೈಲಿನ ಹಣದಾಟದ ಮೇಲೆ ನಿಷೇಧ ಹಾಕುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು. ಬೆರಳ ತುದಿಯ ಜೂಜಿಗೆ ಅಷ್ಟು ಕಠಿಣವಾದ ದೇಶದಲ್ಲಿ, ಪರವಾನಗಿ ಫೀ ಪಡೆದು ನಡೆಸಲು ಬಿಟ್ಟ ಮಿಷನ್ನಿನ ಜೂಜಿಗಾದರೂ ಬಿಗಿ ಬೇಡವೇ? ಫೀ ತೆಗೆದುಕೊಂಡ ಕೈಗೆ ಜವಾಬ್ದಾರಿಯೂ ಅಂಟಬೇಕು. ಗೋವಾ ಸರ್ಕಾರವನ್ನು ನಮ್ಮ ಕಡೆಯ ಶಾಸಕರು, ಸಂಸದರು ಕೇಳಬೇಕಾದ ಪ್ರಶ್ನೆ ನಾಲ್ಕೇ ನಾಲ್ಕು.

ಒಂದು: ಪ್ರತಿ ಮಿಷನ್ನಿನ ಮೇಲೆ ಮಂಜೂರಾದ ಪ್ರೋಗ್ರಾಮಿನ ನಂಬರು, ಕೊನೆಯ ತಪಾಸಣೆಯ ತಾರೀಖು, ನೂರಕ್ಕೆ ಎಷ್ಟು ತಿರುಗಿ ಬರುತ್ತದೆ ಎಂಬ ಅಂಕಿ, ಆಡುವವನು ಓದಬಲ್ಲ ಭಾಷೆಯಲ್ಲಿ ಬರೆಯುತ್ತೀರಾ? ಬಿಸ್ಕತ್ ಪೊಟ್ಟಣದ ಮೇಲೆ ತೂಕ ಬರೆಯಬೇಕೆಂದ ಮೇಲೆ ಇದು ದೊಡ್ಡ ಮಾತಲ್ಲ.

ಎರಡು: ತಪಾಸಣೆಗೆ ಯಾವ ಮಿಷನ್ನು, ಯಾವ ದಿನ, ಯಾವ ಇನ್ಸ್‌ಪೆಕ್ಟರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೀರಾ? ಮೊದಲೇ ಫೋನು ಹೋಗುವ ತಪಾಸಣೆ ತಪಾಸಣೆಯಲ್ಲ, ನೆಂಟಸ್ತಿಕೆ.

ಮೂರು: ತಪಾಸಣೆಯ ಉಪಕರಣವನ್ನೇ ಇನ್ನೊಂದು ಕಚೇರಿಯವರು ತಪಾಸಣೆ ಮಾಡುತ್ತಾರಾ? ಹ್ಯಾರಿಸನ ಪಾಠ ಇದೇ. ಪ್ರೋಗ್ರಾಮು ಬರೆಯುವವ, ಮಂಜೂರು ಮಾಡುವವ, ಸೀಲು ಹಾಕುವವ ಮೂವರೂ ಬೇರೆಬೇರೆ ಇರಬೇಕು. ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡಬೇಕು.

ನಾಲ್ಕು: ತಕರಾರು ಬಂದ ಕೂಡಲೇ ಮಿಷನ್ನಿಗೆ ಬೀಗ ಹಾಕಿ, ಹೆಬ್ಬೆಟ್ಟಿನ ಸಾಲು ತೆಗೆದು, ಫಲಿತಾಂಶವನ್ನು ದೂರು ಕೊಟ್ಟವನ ಕೈಗೆ ಬರವಣಿಗೆಯಲ್ಲಿ ಕೊಡುತ್ತೀರಾ?

ಇದರಲ್ಲಿ ಕ್ಯಾಸಿನೊ ಮಾಲೀಕರಿಗೂ ನಷ್ಟವಿಲ್ಲ. ಪ್ರಾಮಾಣಿಕನಾದವನಿಗೆ ಸೀಲು ಆಸ್ತಿ. ಸೀಲಿಗೆ ಹೆದರುವವನು ಯಾರೆಂದು ಬೇರೆ ಹೇಳಬೇಕಿಲ್ಲ.

ಕೊನೆಗೆ ಓದುಗರಿಗೊಂದು ಮಾತು. ಸೀಲು ಸರಿಯಿದ್ದರೆ ಗೆಲ್ಲುತ್ತೇವೆ ಎಂದು ಯಾರೂ ತಿಳಿಯಬೇಡಿ. ಮಂಜೂರಾದ ಪ್ರೋಗ್ರಾಮು ಅಂದರೆ ಮಂಜೂರಾದ ನಷ್ಟ. ಮೇಲೆ ಹೇಳಿದ ಗಂಟೆಗೆ 480 ರೂಪಾಯಿ ಲೆಕ್ಕ ಪಕ್ಕಾ ಪ್ರಾಮಾಣಿಕ ಮಿಷನ್ನಿನದು! ಕಳ್ಳ ಮಿಷನ್ನು ಜೇಬು ಕತ್ತರಿಸುತ್ತದೆ. ಪ್ರಾಮಾಣಿಕ ಮಿಷನ್ನು ರಸೀದಿ ಕೊಟ್ಟು ಜೇಬು ಬರಿದು ಮಾಡುತ್ತದೆ. ವ್ಯತ್ಯಾಸ ಅಷ್ಟೇ. ಆ ವ್ಯತ್ಯಾಸವಾದರೂ ಇರಲೇಬೇಕು, ಯಾಕೆಂದರೆ ಸೋಲುವವನಿಗೂ ನ್ಯಾಯವಾಗಿ ಸೋಲುವ ಹಕ್ಕಿದೆ.

ಘಟ್ಟ ಇಳಿದ ಬಸ್ಸು ಮತ್ತೆ ಘಟ್ಟ ಹತ್ತಲೇಬೇಕು. ಹೋಗುವವರು ವಾಪಸ್ ಟಿಕೆಟ್ಟಿನ ದುಡ್ಡನ್ನು ಬೇರೆ ಜೇಬಿನಲ್ಲಿ ಇಟ್ಟುಕೊಂಡು ಹೋಗ್ರಪಾ. ಆ ಜೇಬಿನ ಸೀಲು ಮಾತ್ರ ನಿಮ್ಮ ಕೈಯಲ್ಲೇ ಇದೆ.